ಮುಯ್ಯಿಯ ಹೊತ್ತು, ಮನೆಯ ಹೊತ್ತು

ಹಳ್ಳಿ ನಾಟಕದ ವಿಮರ್ಶೆ ಎಂದರೆ ಕಥೆ, ಹಾಡು, ಮಾತಿನ ವರಸೆ ಇಷ್ಟರಲ್ಲೇ ಮುಗಿಯುತ್ತದೆ. ನಾಟಕ ಎಷ್ಟು ಹೊತ್ತಿಗೆ ಶುರುವಾಗಿ ಎಷ್ಟು ಹೊತ್ತಿಗೆ ಮುಗಿಯಿತು ಎಂದು ಯಾರೂ ಬರೆಯುವುದಿಲ್ಲ. ಮರಿಯಮ್ಮನಹಳ್ಳಿಯಲ್ಲಿ ನಿಂತು ನೋಡಿದರೆ ಬರೆಯಬೇಕಾದ ಮೊದಲ ಮಾತು ಅದೇ.

ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯ ಈ ಊರು ಕಲಾವಿದೆಯರ ಊರು. ರಂಗನಟಿ ಕೆ. ನಾಗರತ್ನಮ್ಮ ಇಲ್ಲಿಯವರು, 2021ರಲ್ಲಿ ಪದ್ಮಶ್ರೀ ಪಡೆದ ಬಿ. ಮಂಜಮ್ಮ ಜೋಗತಿ ನೆಲೆನಿಂತದ್ದೂ ಇಲ್ಲೇ. ಸುಗ್ಗಿ ಮುಗಿದು ಜಾತ್ರೆಗಳು ಬಂದವೆಂದರೆ ಸುತ್ತಲಿನ ಹಳ್ಳಿಗಳ ಹುಡುಗರು ನಾಟಕ ಕಲಿಯುತ್ತಾರೆ. ಗಂಡು ಪಾತ್ರಗಳು ಊರಿನವರಿಗೆ. ಹೆಣ್ಣು ಪಾತ್ರಗಳಿಗೆ ಇಂಥ ಊರುಗಳ ಕಲಾವಿದೆಯರನ್ನು ಒಂದು ರಾತ್ರಿಯ ಸಂಭಾವನೆಗೆ ಕರೆಸುತ್ತಾರೆ. ಜೊತೆಯಲ್ಲಿ ತಾಲೀಮು ಮಾಡಲು ಅವರಿಗೆ ಸಿಗುವ ಸಮಯ ಬಹಳ ಕಡಿಮೆ. ಪೇಟಿ ಮಾಸ್ತರರ ಶ್ರುತಿ ಹಿಡಿದು, ಅಂದೇ ಪರಿಚಯವಾದ ನಾಯಕನ ಎದುರು ನಿಂತು, ಅವನು ಮರೆತ ಮಾತನ್ನೂ ಎತ್ತಿಕೊಟ್ಟು ನಾಟಕವನ್ನು ದಡ ಮುಟ್ಟಿಸುತ್ತಾರೆ. ಇಷ್ಟು ಕಠಿಣವಾದ ಅಭಿನಯ ನಗರದ ರಂಗಮಂದಿರಗಳಲ್ಲೂ ಅಪರೂಪ.

ಹಿಂದಿನ ಕಂಪನಿ ನಾಟಕಗಳಲ್ಲಿ ಕಷ್ಟ ಕಡಿಮೆ ಇತ್ತೆಂದಲ್ಲ. ಆದರೆ ಅಲ್ಲಿ ಎಷ್ಟೋ ಕಲಾವಿದರ ಸಂಸಾರ ಕಂಪನಿಯ ಜೊತೆಗೇ ಊರೂರು ಸುತ್ತುತ್ತಿತ್ತು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ, ಮುಂದೆ ರಾಜ್‌ಕುಮಾರ್ ಎನಿಸಿಕೊಂಡವರು, ಅಪ್ಪ ಬಣ್ಣ ಹಚ್ಚುತ್ತಿದ್ದ ಗುಬ್ಬಿ ಕಂಪನಿಯಲ್ಲೇ ಪಾತ್ರ ಕಲಿತರು. ಒಂದು ರಾತ್ರಿಯ ಕರಾರಿನಲ್ಲಿ ಹೋಗುವ ತಾಯಿಗೆ ಆ ಅನುಕೂಲವಿಲ್ಲ. ಮಗುವನ್ನು ಅಜ್ಜಿಯ ಹತ್ತಿರ ಮಲಗಿಸಿ ಹೊರಟರೆ, ಅದು ಎದ್ದು ಶಾಲೆಗೆ ಹೋಗುವ ಮೊದಲು ತಲೆ ಬಾಚಿ ಜಡೆ ಹಾಕುವ ಹೊತ್ತಿಗಾದರೂ ಮನೆ ಮುಟ್ಟಬೇಕೆಂಬುದೇ ಆಸೆ.

ಆ ಆಸೆಗೆ ಅಡ್ಡ ಬರುವುದು ನಾಟಕವಲ್ಲ, ಮುಯ್ಯಿ. ದೃಶ್ಯದ ನಡುವೆ ಆಟ ನಿಲ್ಲುತ್ತದೆ. ದುರ್ಯೋಧನನ ವೇಷದ ಮಗನಿಗೆ ಅವ್ವ ಬಂದು ಹಾರ ಹಾಕುತ್ತಾಳೆ, ಅಕ್ಕ ಬಟ್ಟೆ ಕೊಡುತ್ತಾಳೆ, ಸೋದರಮಾವ ಉಂಗುರ ತೊಡಿಸುತ್ತಾನೆ, ಮೈಕಿನಲ್ಲಿ ಒಬ್ಬೊಬ್ಬರ ಹೆಸರೂ ಕೇಳುತ್ತದೆ. ವರ್ಷವಿಡೀ ಹೊಲದಲ್ಲಿ ದುಡಿಯುವ ಹುಡುಗನಿಗೆ ಮನೆಯವರು ಊರೆದುರು ತೋರುವ ಈ ಪ್ರೀತಿ ನನಗೆ ನಿಜವಾಗಿಯೂ ಇಷ್ಟ. ನಾಟಕದ ಖರ್ಚಿಗೂ ಅದರಿಂದ ಒಂದಿಷ್ಟು ಆಸರೆ. ಅಷ್ಟೂ ಹೊತ್ತು ಕಲಾವಿದೆ ಒಂದು ಬದಿಗೆ ಸರಿದು ನಿಂತಿರುತ್ತಾಳೆ. ಒಬ್ಬರ ಮನೆಯ ಸಂತೋಷಕ್ಕೆ ಖರ್ಚಾಗುವುದು ಇನ್ನೊಬ್ಬಳ ಮನೆಯ ಹೊತ್ತು. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯಲ್ಲಿ ಮಕ್ಕಳನ್ನು ಕಳೆದುಕೊಂಡ ದ್ರೌಪದಿಯಾಗಿ ಅವಳು ಅಳುವಾಗ ಜನವೆಲ್ಲ ಕಣ್ಣೊರೆಸಿಕೊಳ್ಳುತ್ತಾರೆ. ಅವಳ ಸ್ವಂತ ಮಗು ಎಲ್ಲಿ ಮಲಗಿದೆ ಎಂದು ಕೇಳುವವರು ವಿರಳ.

ನಡುವೆ ಆಟ ನಿಲ್ಲಿಸುವುದು ಕಲೆಯ ದೃಷ್ಟಿಯಿಂದಲೂ ನಷ್ಟವೇ. ಏರಿದ ರಸ ಒಮ್ಮೆ ಇಳಿದರೆ ಹಾರ್ಮೋನಿಯಂ ಎಷ್ಟು ಬಾರಿಸಿದರೂ ಮತ್ತೆ ಏರುವುದಿಲ್ಲ. ಹೀಗೆ ತಡವಾಗಿ ಬೆಳಗಿನ ಜಾವಕ್ಕೆ ಜಾರಿದ ದೃಶ್ಯಗಳನ್ನು ನೋಡುವವರಲ್ಲಿ ಅರ್ಧ ಜನ ನಿದ್ದೆಯಲ್ಲಿರುತ್ತಾರೆ. ಎಷ್ಟೋ ನಾಟಕಗಳ ಅತ್ಯುತ್ತಮ ಭಾಗ ಹಾಗೇ ವ್ಯರ್ಥವಾಗುತ್ತದೆ. ರಾತ್ರಿಯಿಡೀ ನಡೆಯಬೇಕೆಂಬುದು ಈ ನಾಟಕಗಳ ಗುಣವಲ್ಲ, ಬಿಡಲಾಗದ ರೂಢಿ ಅಷ್ಟೆ.

ಈ ಸಲ ನಾಟಕ ಆಡಿಸುವ ಹಳ್ಳಿಗಳ ಹಿರಿಯರಲ್ಲಿ, ಮಾಸ್ತರರಲ್ಲಿ ನನ್ನದೊಂದು ವಿನಂತಿ: ಮುಯ್ಯಿಯನ್ನು ಪರದೆ ಏಳುವ ಮೊದಲೇ ಮುಗಿಸಿ. ಕರಪತ್ರದಲ್ಲಿ ಅಚ್ಚು ಹಾಕಿಸಿದ ಹೊತ್ತಿಗೇ ನಾಂದಿ ಹಾಡಿಸಿ. ಮಂಗಳ ಹಾಡಿದ ಕೂಡಲೇ ಕಲಾವಿದೆಯರ ಸಂಭಾವನೆಯನ್ನು ಪೂರ್ತಿ ಕೈಗಿಟ್ಟು, ಅವರನ್ನು ಮನೆ ಬಾಗಿಲವರೆಗೆ ಮುಟ್ಟಿಸುವ ಗಾಡಿಯನ್ನು ಮೊದಲೇ ಗೊತ್ತುಮಾಡಿ.