‘ಪರಲೋಕ’ ಮತ್ತು ಬೀಗ ಹಾಕಿದ ಮನೆ: ನಮ್ಮ ಶವಸಂಸ್ಕಾರದ ಪ್ರಬೋಧನೆಯ ವಿಮರ್ಶೆ

ಶವಸಂಸ್ಕಾರದ ಪ್ರಬೋಧನೆಯನ್ನು ಸಾಮಾನ್ಯವಾಗಿ ಯಾರೂ ವಿಮರ್ಶಿಸುವುದಿಲ್ಲ. ದುಃಖದ ಮನೆಯಲ್ಲಿ ಆಡಿದ ಮಾತನ್ನು ತೂಗಿ ನೋಡುವುದು ಸೌಜನ್ಯವಲ್ಲವೆಂಬ ಭಾವನೆ ಇದಕ್ಕೆ ಕಾರಣವಿರಬಹುದು. ಆದರೆ ನಮ್ಮ ಜನರು ಅಂತ್ಯಕಾಲದ ದೈವಶಾಸ್ತ್ರವನ್ನು ಕಲಿಯುವುದು ಪುಸ್ತಕದಿಂದಲ್ಲ, ಸಮಾಧಿಯ ಅಂಚಿನಲ್ಲಿ ನಿಂತು. ಆದುದರಿಂದ ಆ ಪ್ರಬೋಧನೆಯನ್ನೇ ಇಲ್ಲಿ ಪರಿಶೀಲನೆಗೆ ಎತ್ತಿಕೊಂಡಿದ್ದೇವೆ. ಮೊದಲ ಆರೋಪಿ ನಾವೇ.

ಕೆಲವು ವರ್ಷಗಳ ಹಿಂದೆ ಕೂಡ್ಲಿಗಿ ಸೀಮೆಯ ಹಳ್ಳಿಯೊಂದರಲ್ಲಿ ಕೂಲಿಕಾರನೊಬ್ಬನ ಶವಸಂಸ್ಕಾರ ನಡೆಸಿದೆವು. ಈ ಲೋಕ ಬಾಡಿಗೆಯ ಮನೆ, ನಾವಿಲ್ಲಿ ಪರದೇಶಿಗಳು, ಸ್ವಂತ ಮನೆ ಮೇಲಿದೆ ಎಂದು ಇಬ್ರಿಯರಿಗೆ ಬರೆದ ಪತ್ರವನ್ನು ಆಧರಿಸಿ ನುಡಿದೆವು. ಎಲ್ಲರೂ ತಲೆದೂಗಿದರು. ಮಣ್ಣು ಮುಚ್ಚಿದ ಬಳಿಕ ಮೃತನ ಸೋದರತ್ತೆ ಹತ್ತಿರ ಬಂದು ಕೇಳಿದರು: “ಸ್ವಾಮೇರ, ವರ್ಷದಾಗ ಆರು ತಿಂಗಳು ಮನಿಗೆ ಬೀಗ ಹಾಕ್ಕೊಂಡು ಗುಳೆ ಹೋಗೋರು ನಾವು. ಹೋದಲ್ಲೆಲ್ಲ ಇದು ನಿಮ್ಮೂರಲ್ಲ ಅಂತಾರ. ಇಲ್ಲಿಗೆ ಬಂದ್ರ ನೀವೂ ಅದನ್ನ ಅಂದ್ರಿ. ಹಂಗಾರ ನಮ್ದು ಯಾವೂರು?” ಮೇಲಕ್ಕೆ ಬೆರಳು ತೋರಿಸಲು ಮನಸ್ಸಾಗಲಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕುಗಳು 2021ರಲ್ಲಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಸೇರಿವೆ. ತುಂಗಭದ್ರೆ ಹಡಗಲಿ, ಹರಪನಹಳ್ಳಿಗಳ ಅಂಚನ್ನು ಸವರಿ ಹರಿದರೂ ಒಳಸೀಮೆಯ ಹೊಲಗಳು ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿವೆ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಮಲೆನಾಡಿನ ಕಾಫಿ ತೋಟಕ್ಕೋ ಕಬ್ಬು ಕಡಿಯಲಿಕ್ಕೋ ಊರಿಗೆ ಊರೇ ಹೊರಡುತ್ತದೆ. ಹಳ್ಳಿಯಲ್ಲಿ ಉಳಿಯುವವರು ಮುದುಕರು ಮತ್ತು ಮಕ್ಕಳು. ಇಂಥ ಜನರಿಗೆ ‘ನೀವಿಲ್ಲಿ ಪರದೇಶಿಗಳು’ ಎನ್ನುವುದು ಸಾಂತ್ವನವಲ್ಲ. ಗುತ್ತಿಗೆದಾರನು ಆಗಲೇ ಹೇಳಿದ್ದನ್ನು ದೇವರ ಹೆಸರಿನಲ್ಲಿ ದೃಢೀಕರಿಸಿದಂತೆ.

ನಾವು ಆಧರಿಸಿದ ವಾಕ್ಯಭಾಗವಾದರೂ ಹಾಗೆ ಹೇಳುತ್ತದೆಯೆ? ಅಬ್ರಹಾಮನು ಪರದೇಶಿಯಂತೆ ಗುಡಾರದಲ್ಲಿ ವಾಸಿಸಿದ್ದು ವಾಗ್ದಾನದ ನಾಡಿನಲ್ಲಿಯೇ. ನಾಡು ಅವನದಲ್ಲವೆಂಬುದು ಅಲ್ಲಿನ ಮಾತಲ್ಲ. ಕೊಟ್ಟ ಮಾತು ಇನ್ನೂ ಈಡೇರಿಲ್ಲವೆಂಬುದು. ಅದೇ ಅಬ್ರಹಾಮನು ಸಾರಳನ್ನು ಹೂಳಲು ನಾನೂರು ಶೆಕೆಲ್ ಬೆಳ್ಳಿ ತೂಗಿಕೊಟ್ಟು ಮಕ್ಪೇಲದ ಹೊಲವನ್ನು ಊರಬಾಗಿಲಲ್ಲಿ ಎಲ್ಲರೆದುರು ಕೊಂಡನು. ಸಾವಿನ ಮನೆಯಲ್ಲಿ ವಿಶ್ವಾಸಿಗಳ ಪಿತಾಮಹನು ಮಾಡಿದ ಮೊದಲ ಕೆಲಸ ಭೂಮಿಯ ವ್ಯವಹಾರ! ನಮ್ಮ ಪ್ರಬೋಧನೆಗಳಲ್ಲಿ ಈ ಅಧ್ಯಾಯಕ್ಕೆ ಏಕೆ ಸ್ಥಳವಿಲ್ಲವೋ ತಿಳಿಯದು.

ನಮ್ಮ ತಪ್ಪಿಗೆ ಭಾಷೆಯೂ ಒಂದಿಷ್ಟು ಹೊಣೆ. ಈ ತಾಲ್ಲೂಕುಗಳೆಲ್ಲ ಹಿಂದೆ ಸೇರಿದ್ದ ಬಳ್ಳಾರಿ ಸೀಮೆಯಲ್ಲಿಯೇ, 1810ರಲ್ಲಿ ಬಂದು ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ಬೈಬಲನ್ನು ಕನ್ನಡಕ್ಕೆ ತರುವ ದೀರ್ಘ ದುಡಿಮೆಗೆ ಕೈಹಾಕಿದರು. ಅಂಥವರ ಶ್ರಮಕ್ಕೆ ನಾವು ಋಣಿಗಳು. ಆದರೂ ಕನ್ನಡದಲ್ಲಿ ನೆಲೆಯೂರಿದ ‘ಪರಲೋಕರಾಜ್ಯ’ ಎಂಬ ಪದವು ಮತ್ತಾಯನು ಹೇಳಬಯಸಿದ್ದಕ್ಕೆ ವಿರುದ್ಧ ದಿಕ್ಕಿನಲ್ಲಿ ಓದುಗನನ್ನು ಕೊಂಡೊಯ್ಯುತ್ತದೆ. ದೇವರ ನಾಮವನ್ನು ಗೌರವದಿಂದ ಮರೆಯಾಗಿಸಿ ‘ಆಕಾಶ’ವೆನ್ನುವ ಯೆಹೂದ್ಯ ರೂಢಿ ಮತ್ತಾಯನದು; ಅವನು ಸಾರುವುದು ಇಲ್ಲಿಗೆ ಸಮೀಪಿಸುತ್ತಿರುವ ದೇವರ ಆಳ್ವಿಕೆಯನ್ನು. ಕನ್ನಡದಲ್ಲಾದರೋ ‘ಪರ’ ಎಂದೊಡನೆ ಅದರ ಎದುರಿಗೆ ‘ಇಹ’ ತಾನಾಗಿ ನಿಲ್ಲುತ್ತದೆ. ಒಂದನ್ನು ಹಿಡಿಯಲು ಇನ್ನೊಂದನ್ನು ಬಿಡಬೇಕೆಂಬ ಎಣಿಕೆ ಹುಟ್ಟುತ್ತದೆ. ನಮ್ಮ ಶ್ರೀಗ್ರಂಥದ ‘ಸ್ವರ್ಗಸಾಮ್ರಾಜ್ಯ’ವೂ ನಿರಪಾಯಕಾರಿಯಲ್ಲ. ಪುಣ್ಯವಿರುವಷ್ಟು ದಿನ ಭೋಗಿಸಿ ಮರಳುವ ಇಂದ್ರನ ಊರು ಆ ಪದದ ಬೆನ್ನಿಗೆ ಅಂಟಿಕೊಂಡೇ ಬರುತ್ತದೆ. ಬದಲಿ ಪದ ಸೂಚಿಸುವ ಧೈರ್ಯ ನಮಗಿಲ್ಲ. ಜನರ ಪ್ರಾರ್ಥನೆಯ ನಾಲಗೆಯನ್ನು ಸಮಿತಿಗಳು ತಿದ್ದಬಾರದು. ಆದರೆ ಪದ ಎಡವಿಸುವಲ್ಲಿ ಪ್ರಬೋಧಕನು ಕೈಹಿಡಿಯಬೇಕು. ಪೌಲನ ಮಾತನ್ನೇ ನೋಡಿ: ಫಿಲಿಪ್ಪಿ ರೋಮಿನ ವಸಾಹತು, ಅಲ್ಲಿಯ ರೋಮನ್ ಪ್ರಜೆಗಳನ್ನು ನೆಲೆಗೊಳಿಸಿದ್ದು ರೋಮಿಗೆ ಹಿಂದಿರುಗಲೆಂದಲ್ಲ, ರೋಮಿನ ಬಾಳ್ವೆಯನ್ನು ಅಲ್ಲಿ ನೆಡಲೆಂದು. ಆ ಪಟ್ಟಣದವರಿಗೆ ನಮ್ಮ ಪೌರತ್ವ ಸ್ವರ್ಗದಲ್ಲಿದೆ ಎಂದು ಬರೆದವನು, ಅಲ್ಲಿಂದ ರಕ್ಷಕನು ಬರುವುದನ್ನು ಎದುರುನೋಡುತ್ತೇವೆ ಎನ್ನುತ್ತಾನೆ. ಬರುವವನು ಆತ. ಪ್ರಕಟನಾ ಗ್ರಂಥದ ಕೊನೆಯಲ್ಲಿಯೂ ನಗರವು ಕೆಳಗಿಳಿಯುತ್ತದೆ.

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷ ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲಿನ ಕಾರ್ಣಿಕ ನುಡಿಯುತ್ತಾನೆ. ಲಕ್ಷಾಂತರ ಜನರು ಉಸಿರು ಬಿಗಿಹಿಡಿದು ಕೇಳಿ, ಮಳೆ ಹೇಗೆ, ಬೆಳೆ ಹೇಗೆ ಎಂದು ಅರ್ಥ ಬಿಡಿಸುತ್ತಾ ಮನೆಗೆ ಹೋಗುತ್ತಾರೆ. ಕಾರ್ಣಿಕ ನಮ್ಮ ವಿಶ್ವಾಸದ ಭಾಗವಲ್ಲ. ಆದರೆ ಈ ನೆಲದ ಜನ ಮೇಲಿನಿಂದ ಬರುವ ಮಾತನ್ನು ಕೇಳುವುದು ಹೊಲದ ಚಿಂತೆಯಿಂದ ಎಂಬುದನ್ನು ಮರೆತ ಗುರುವು ಯಾರಿಗೆ ಬೋಧಿಸುತ್ತಿದ್ದಾನೆ?

ಇದಕ್ಕೆ ಎದುರಾದ ತಪ್ಪೂ ಉಂಟು; ಅದರ ಬಗ್ಗೆ ಎರಡೇ ಮಾತು. ನಿತ್ಯಜೀವದ ಸೊಲ್ಲೆತ್ತಲು ನಾಚಿ, ಸ್ವಸಹಾಯ ಸಂಘದ ವರದಿಯನ್ನೇ ಶುಭಸಂದೇಶವೆಂದು ಓದುವ ಗುರುಗಳನ್ನು ನಾವು ಕಂಡಿದ್ದೇವೆ. ಕೂಲಿಯವನ ಮಗ ಸತ್ತಾಗ ಅವರ ಬಳಿ ಹೇಳಲು ಏನೂ ಉಳಿದಿರುವುದಿಲ್ಲ.

ಕೂಡ್ಲಿಗಿಯ ಹಲವು ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುತ್ತದೆ, ಮೂಳೆ ಬಾಗುತ್ತದೆ. 1982ರ ನಿಷೇಧ ಕಾಯಿದೆಯ ಬಳಿಕವೂ ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಈ ತಾಲ್ಲೂಕುಗಳಲ್ಲಿ ಇದ್ದಾರೆ. ನಾವು ವಿಶ್ವಾಸಪ್ರಮಾಣದಲ್ಲಿ ಒಪ್ಪಿಕೊಳ್ಳುವುದು ಶರೀರದ ಪುನರುತ್ಥಾನವನ್ನು. ನನ್ನ ಆತ್ಮವೇ ನಾನಲ್ಲ ಎಂದು ಸಂತ ಥಾಮಸ್ ಅಕ್ವಿನಾಸರು ಕೊರಿಂಥಿಯರ ಪತ್ರದ ವ್ಯಾಖ್ಯಾನದಲ್ಲಿ ಕಡ್ಡಿ ಮುರಿದಂತೆ ಹೇಳಿದ್ದಾರೆ. ಹಾಗಾದರೆ ಬಾಗಿದ ಈ ಬೆನ್ನು, ಮಾರಾಟವಾದ ಈ ದೇಹ ದೇವರು ಎಬ್ಬಿಸಲಿರುವ ಶರೀರವೇ. ಅದನ್ನು ಕಳಚಿ ಎಸೆಯುವ ಹಳೆಯ ಅಂಗಿಯೆಂದು ಸಮಾಧಿಯ ಬಳಿ ವರ್ಣಿಸುವುದು ಕಿವಿಗೆ ಇಂಪಾದೀತು. ಅದು ನಮ್ಮ ವಿಶ್ವಾಸವಲ್ಲ.

ದುಡಿಮೆಯ ಕುರಿತು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ‘ಗೌದಿಯುಮ್ ಎತ್ ಸ್ಪೆಸ್’ ಸಂವಿಧಾನದ 39ನೆಯ ಪರಿಚ್ಛೇದದಲ್ಲಿ ಬಹಳ ದೂರ ಹೋಗಿದೆ. ಭೂಮಿಯ ಪ್ರಗತಿ ಬೇರೆ, ಕ್ರಿಸ್ತನ ರಾಜ್ಯದ ಬೆಳವಣಿಗೆ ಬೇರೆ ಎಂದು ಎಚ್ಚರಿಸಿದರೂ, ಪ್ರಕೃತಿಯ ಮತ್ತು ನಮ್ಮ ಶ್ರಮದ ಒಳ್ಳೆಯ ಫಲಗಳನ್ನು ಕಲೆ ತೊಳೆದ ರೂಪದಲ್ಲಿ ಮತ್ತೆ ಕಾಣುವೆವೆಂಬ ಭರವಸೆ ಅಲ್ಲಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ಮನುಷ್ಯರು ಕಟ್ಟಿದ್ದು. ಇಂದು ಅದರೊಳಗಿನ ಜಾಲಿಮರಗಳಲ್ಲಿ ಕೊಕ್ಕರೆಗಳು ಗೂಡುಕಟ್ಟುತ್ತವೆ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು. ಮಣ್ಣು ಹೊತ್ತವರು ಆ ಹಕ್ಕಿಗಳನ್ನು ಎಣಿಸಿರಲಾರರು. ನಿಮ್ಮ ಪ್ರಯಾಸ ವ್ಯರ್ಥವಲ್ಲ ಎಂದು ಪೌಲನು ಪುನರುತ್ಥಾನದ ಅಧ್ಯಾಯವನ್ನು ಮುಗಿಸುವಾಗ ನಮಗೆ ಆ ಏರಿ ನೆನಪಾಗುತ್ತದೆ.

ಕಳೆದ ವರ್ಷ ಅದೇ ಹಳ್ಳಿಯಲ್ಲಿ ಮತ್ತೊಂದು ಸಾವಾಯಿತು. ಯೆರೆಮೀಯನ 32ನೆಯ ಅಧ್ಯಾಯ ಶವಸಂಸ್ಕಾರದ ವಾಚನಗಳಲ್ಲಿಲ್ಲವಾದ್ದರಿಂದ ಏಳನೆಯ ದಿನದ ಪ್ರಾರ್ಥನೆಯಲ್ಲಿ ಅದನ್ನು ಓದಿಸಿದೆವು. ನಗರಕ್ಕೆ ಶತ್ರುಗಳ ಮುತ್ತಿಗೆ, ಪ್ರವಾದಿ ಸೆರೆಯಲ್ಲಿ, ಆಗ ಅವನು ಹದಿನೇಳು ಶೆಕೆಲ್ ಕೊಟ್ಟು ಅನಾತೋತಿನ ಹೊಲ ಕೊಂಡು, ಕ್ರಯಪತ್ರವನ್ನು ಬಹುಕಾಲ ಉಳಿಯಲೆಂದು ಮಣ್ಣಿನ ಮಡಕೆಯಲ್ಲಿ ಇಡಿಸುತ್ತಾನೆ. ಅದೇ ಸೋದರತ್ತೆ ಮುಂದೆಯೇ ಕುಳಿತಿದ್ದರು. ಪ್ರಾರ್ಥನೆ ಮುಗಿದ ಮೇಲೆ ಕೇಳಿದರು:

“ಪಾಣಿ ಯಾರ ಹೆಸರಿಗೆ ಆತು, ಸ್ವಾಮೇರ?”

ಯೆರೆಮೀಯನ ಹೆಸರಿಗೇ ಆಯಿತಮ್ಮಾ, ಸಾಕ್ಷಿಗಳೂ ರುಜು ಹಾಕಿದ್ದಾರೆ ಎಂದೆವು.