ಹಲಬರ್ಗಾದ ಗುರಿಗಾರನಿಗೆ ಯಾವ ರೈಫಲ್?

ಹಲಬರ್ಗಾ, ಭಾಲ್ಕಿ, ಔರಾದ ಕಡೆ ಯಾರಾದರೂ ‘ದೂರದ ನಿಶಾನಿ ಹೊಡೆಯೋದು ಕಲೀಬೇಕ್ರಿ, ಕೈಗೆಟುಕೋ ಅಂಥಾದ್ದೊಂದು ರೈಫಲ್ ಹೇಳ್ರಿ’ ಎಂದು ಕೇಳಿದರೆ, ಬಲ್ಲವರೆನಿಸಿಕೊಂಡವರು ಹೆಚ್ಚಾಗಿ ಇಶಾಪುರದ .315 ಹೆಸರನ್ನೇ ಹೇಳುತ್ತಾರೆ. ಹಾಗೆ ಹೇಳಲು ಕಾರಣಗಳೂ ಇವೆ. ಅದು ಸರ್ಕಾರಿ ಕಾರ್ಖಾನೆಯ ಮಾಲು. ನಾಗರಿಕರ ಲೈಸೆನ್ಸಿಗೆ ಒಗ್ಗುವ ಬೋರು. ಹೊಸದು ಲಕ್ಷದ ಆಸುಪಾಸಿನಲ್ಲಿ ಸಿಗುತ್ತದೆ, ಕೈಬದಲಾದದ್ದು ಅದಕ್ಕಿಂತ ಕಡಿಮೆಗೆ. ತೊಗರಿ, ಕಬ್ಬು ಕಾಯಲೆಂದು ಲೈಸೆನ್ಸ್ ಪಡೆದ ಹಳೆಯ ಮನೆತನಗಳಲ್ಲಿ ಅಜ್ಜನ ಕಾಲದಿಂದ ಗೋಡೆಗೆ ತೂಗಿದ್ದೂ ಇದೇ. ಆದರೂ ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಗುರಿಯಾಟ ಕಲಿಯಬೇಕೆಂಬ ಹುಡುಗ ಹುಡುಗಿಯರ ದುಡ್ಡನ್ನೂ ಹುಮ್ಮಸ್ಸನ್ನೂ ಅದು ಹಾಳು ಮಾಡುತ್ತದೆ.

ಮೊದಲು ಆ ರೈಫಲ್ಲಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸೋಣ. .315 ಬೋಲ್ಟ್ ಆ್ಯಕ್ಷನ್ ಬಂದೂಕು. ಬಾಗಿಲ ಚಿಲಕದ ಹಾಗೆ ಹಿಡಿಯನ್ನು ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ ಕೂಡಿಸಿದರೆ ಒಂದು ಕಾಡತೂಸು ನಳಿಗೆಯೊಳಗೆ ಕೂರುತ್ತದೆ. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ಇದ್ದ .303 ಲೀ ಎನ್‌ಫೀಲ್ಡ್‌ನ ವಂಶವೇ ಇದರದು. ಸೇನೆಯ ಕಾಡತೂಸು ಜನರ ಕೈಗೆ ಸಿಗಬಾರದೆಂದು ಬ್ರಿಟಿಷರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ .303ನ್ನು ಖಾಸಗಿಯವರಿಗೆ ನಿಷೇಧಿಸಿದರು. ಆಗ ಆಸ್ಟ್ರಿಯಾದ 8 ಮಿ.ಮೀ. ಮಾನ್‌ಲಿಕರ್ ಕಾಡತೂಸಿನ ಮಾದರಿಯ ಮೇಲೆ .315 ಬಂತು. ಸ್ವಾತಂತ್ರ್ಯದ ನಂತರ ಬಂಗಾಳದ ಇಶಾಪುರ ಕಾರ್ಖಾನೆ ಅದನ್ನು ಮುಂದುವರಿಸಿತು. ಗುಂಡುಗಳು ಪುಣೆಯ ಖಡಕಿಯಿಂದ ಬರುತ್ತವೆ, ತಳದಲ್ಲಿ ‘ಕೆಎಫ್’ ಎಂಬ ಮುದ್ರೆಯಿರುತ್ತದೆ. 2021ರ ಅಕ್ಟೋಬರ್‌ನಲ್ಲಿ ಆರ್ಡ್‌ನನ್ಸ್ ಮಂಡಳಿಯನ್ನು ಕಂಪನಿಗಳಾಗಿ ಒಡೆದಾಗ ಇಶಾಪುರ ಒಂದು ಕಂಪನಿಗೆ, ಖಡಕಿ ಇನ್ನೊಂದಕ್ಕೆ ಸೇರಿದವು. ಬಂದೂಕು ಮಾತ್ರ ಹೆಚ್ಚು ಬದಲಾಗಲಿಲ್ಲ. ಗಟ್ಟಿ, ಸರಳ, ಕೆಸರು ಧೂಳಿಗೆ ಹೆದರದ್ದು. ಬದುವಿನ ಮೇಲೆ ಕೂತು ಐವತ್ತು ಎಂಬತ್ತು ಮೀಟರಿನಲ್ಲಿ ಕೆಲಸ ಮಾಡಲೆಂದು ಹುಟ್ಟಿದ ಆಯುಧವದು.

ಇದನ್ನು 300 ಮೀಟರಿಗೆ ಒಯ್ದರೆ ಏನಾಗುತ್ತದೆ? ಅಂತರರಾಷ್ಟ್ರೀಯ ಶೂಟಿಂಗ್ ನಿಯಮದಂತೆ 300 ಮೀಟರಿನ ಗುರಿಹಲಗೆಯಲ್ಲಿ ಹತ್ತರ ವೃತ್ತದ ಅಗಲ 10 ಸೆಂಟಿಮೀಟರ್. .315ಕ್ಕಿರುವುದು ತೆರೆದ ಗುರಿಕಣ್ಣು. ನಳಿಗೆಯ ತುದಿಯ ಮುಂಗುರಿ ಎರಡು ಮಿಲಿಮೀಟರ್ ದಪ್ಪ, ಕಣ್ಣಿನಿಂದ ಎಂಬತ್ತು ಸೆಂಟಿಮೀಟರ್ ದೂರ ಎಂದಿಟ್ಟುಕೊಂಡರೂ 300 ಮೀಟರಿನಲ್ಲಿ ಅದು ಮುಕ್ಕಾಲು ಮೀಟರ್ ಅಗಲವನ್ನು ಮರೆಮಾಡುತ್ತದೆ. ಹತ್ತು ಸೆಂಟಿಮೀಟರಿನ ವೃತ್ತ ಎಲ್ಲಿ ಕಾಣಬೇಕು? ಗುಂಡು ದಪ್ಪ, ಮೂತಿ ಮೊಂಡು, ತೂಕ ಸುಮಾರು 16 ಗ್ರಾಂ. ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. 100 ಮೀಟರಿಗೆ ಗುರಿ ಕೂಡಿಸಿಟ್ಟರೆ 300ರಲ್ಲಿ ಹೆಚ್ಚುಕಡಿಮೆ ಒಂದು ಮೀಟರ್ ಕೆಳಗೆ ಬೀಳುತ್ತದೆ. ದುರ್ಬೀನು ಕೂಡಿಸಿದರೆ ಕಾಣುವ ತೊಂದರೆ ನೀಗೀತು. ಆದರೆ ತೆಳು ನಳಿಗೆ ನಾಲ್ಕಾರು ಗುಂಡಿಗೆ ಕಾದುಬಿಡುತ್ತದೆ, ಟ್ರಿಗರ್ ಭಾರ, ಮಳೆಗಾಲ ಬೇಸಿಗೆಗೆ ಮರದ ಮೈ ಹಿಗ್ಗಿ ಕುಗ್ಗಿ ನಳಿಗೆಯ ಮೇಲೆ ಒತ್ತಡ ಬದಲಾಗುತ್ತದೆ. ದುರ್ಬೀನಿನಿಂದ ಇವು ಸರಿಹೋಗುವುದಿಲ್ಲ.

ಇದಕ್ಕಿಂತ ದೊಡ್ಡ ಆಕ್ಷೇಪ ಖರ್ಚಿನದು. ಬೆಲೆ ಕೇಳುವಾಗ ನಮ್ಮವರು ಬಂದೂಕಿನ ಬೆಲೆಯನ್ನಷ್ಟೇ ಕೇಳುತ್ತಾರೆ. ಗುರಿಯಾಟದಲ್ಲಿ ಹಣ ತಿನ್ನುವುದು ಗುಂಡು. ಒಂದು ಸ್ಪರ್ಧೆಯ ಅರ್ಹತಾ ಸುತ್ತಿಗೇ 60 ಗುಂಡು ಬೇಕು. ಆ ಮಟ್ಟಕ್ಕೆ ಕೈ ಪಳಗಬೇಕಾದರೆ ಸಾವಿರಗಟ್ಟಲೆ. .315ರ ಒಂದು ಕಾಡತೂಸಿನ ಬೆಲೆ ನೂರು ರೂಪಾಯಿ ದಾಟುತ್ತದೆ. ವರ್ಷಕ್ಕೆ ಎಷ್ಟು ಕೊಳ್ಳಬಹುದೆಂಬುದನ್ನು ಲೈಸೆನ್ಸ್ ಪುಸ್ತಕವೇ ನಿಗದಿ ಮಾಡುತ್ತದೆ. ಬೆಳೆ ಕಾಯಲು ಅಷ್ಟು ಧಾರಾಳವಾಗಿ ಸಾಕು, ಕಲಿಯಲು ಸಾಲದು. ವರ್ಷದಲ್ಲಿ ನಾಲ್ಕು ಸಲ ಹೊಡೆದು, ಉಳಿದ ದಿನ ಎಣ್ಣೆ ಹಚ್ಚಿ ಒರೆಸಿಡುವ ಬಂದೂಕಿನಿಂದ ಯಾರೂ ಗುರಿಗಾರರಾದದ್ದಿಲ್ಲ.

ಎಲ್ಲಿ ಹೊಡೆಯುವುದು ಎಂಬುದಂತೂ ಪ್ರಾಣದ ಪ್ರಶ್ನೆ. ‘ನಮ್ಮದೇ ಹೊಲ ಅದಲ್ರಿ’ ಎನ್ನುವವರಿದ್ದಾರೆ. ಹಲಬರ್ಗಾದ ಸುತ್ತಿನದು ಬಯಲು ನೆಲ. ಗುಂಡು ತಡೆಯುವ ಗುಡ್ಡ ಹಿಂದಿಲ್ಲ, ಅಲ್ಲಲ್ಲಿ ಕರಿಗಲ್ಲು ತಲೆಯೆತ್ತಿದೆ, ಆಳೆತ್ತರದ ತೊಗರಿಯೊಳಗೆ ಕಳೆ ತೆಗೆಯುವವರು ಕಾಣುವುದಿಲ್ಲ, ಬೀದರ್–ಭಾಲ್ಕಿ ರೈಲು ಹಳಿ ಪಕ್ಕದಲ್ಲೇ ಹಾದಿದೆ. ಸಣ್ಣ .22 ಗುಂಡು ಕೂಡ ಒಂದೂವರೆ ಕಿಲೋಮೀಟರಿಗೂ ಆಚೆ ಹೋಗಬಲ್ಲದು, .315 ಅದಕ್ಕಿಂತ ಎಷ್ಟೋ ದೂರ. ಕಲ್ಲಿಗೆ ಬಡಿದು ಚಿಮ್ಮಿದರೆ ದಿಕ್ಕೇ ಇಲ್ಲ. ಅನುಮತಿ ಪಡೆದ ರೇಂಜ್ ಬಿಟ್ಟು ಬೇರೆ ಕಡೆ ದೂರದ ಗುರಿ ಅಭ್ಯಾಸ ಮಾಡಲೇಬಾರದು. ಈ ಮಾತಿನಲ್ಲಿ ನನಗೆ ರಾಜಿಯಿಲ್ಲ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹಾರಿಸುವ ಚಟಕ್ಕೆ 2019ರ ತಿದ್ದುಪಡಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇಟ್ಟದ್ದು ಸರಿಯಾಗಿಯೇ ಇದೆ.

ಹಾಗಾದರೆ ಕಲಿಯುವ ದಾರಿ ಯಾವುದು? ನಮ್ಮ ಕಡೆಯ ಎಷ್ಟೋ ಮಕ್ಕಳು ಮೊದಲ ಬೋಲ್ಟ್ ಎಳೆಯುವುದು ಎನ್‌ಸಿಸಿ ಶಿಬಿರದಲ್ಲಿ. ಅಲ್ಲಿಯದು .22 ರೈಫಲ್ಲು. 25 ಮೀಟರ್ ದೂರ, ನೆಲದ ಮೇಲೆ ಮಲಗಿ ಹೊಡೆಯುವುದು. ಐದು ಗುಂಡು ಎಲ್ಲಿ ಬಿದ್ದವು ಎಂಬುದಕ್ಕಿಂತ ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದವು ಎಂದು ಅಲ್ಲಿ ನೋಡುತ್ತಾರೆ. ಈ ಒಂದು ಪದ್ಧತಿಯಲ್ಲಿ ಇಡೀ ಗುರಿಯಾಟದ ಶಾಸ್ತ್ರವಿದೆ. ಗುಂಡುಗಳು ಒತ್ತಾಗಿ ಕೂರುತ್ತಿದ್ದರೆ ಕೈ ಸರಿಯಿದೆ, ಗುರಿಕಣ್ಣನ್ನು ತಿರುಗಿಸಿ ಗುಂಪನ್ನು ನಡುವಿಗೆ ತರಬಹುದು. ಚೆದುರಿದರೆ ತಿರುಗಿಸಿ ಪ್ರಯೋಜನವಿಲ್ಲ.

.22 ಎಂದರೆ ಮಕ್ಕಳಾಟ, ಅದರಲ್ಲಿ ದೂರವೆಲ್ಲಿ ಎಂದು ಮೂಗು ಮುರಿಯುವವರಿಗೆ ಒಂದು ಲೆಕ್ಕ ಹೇಳಬೇಕು. ಹತ್ತರ ವೃತ್ತವನ್ನು ಗುಂಡಿನ ಅಂಚು ಮುಟ್ಟಿದರೂ ಹತ್ತು ಅಂಕ. ಹತ್ತರ ವೃತ್ತ 10 ಮೀಟರಿನ ಏರ್ ರೈಫಲ್ ಹಲಗೆಯಲ್ಲಿ ಅರ್ಧ ಮಿಲಿಮೀಟರ್, 50 ಮೀಟರಿನದರಲ್ಲಿ 10.4 ಮಿಲಿಮೀಟರ್, 300ರಲ್ಲಿ 100 ಮಿಲಿಮೀಟರ್. ಗುಂಡಿನ ದಪ್ಪವನ್ನೂ ಸೇರಿಸಿ ಮೂರನ್ನೂ 100 ಮೀಟರ್ ದೂರಕ್ಕೆ ಹಿಗ್ಗಿಸಿಯೋ ಕುಗ್ಗಿಸಿಯೋ ನೋಡಿದರೆ, ಹತ್ತು ಅಂಕಕ್ಕೆ ಸಿಗುವ ಜಾಗ 10 ಮೀಟರಿನ ಆಟದಲ್ಲಿ ಸುಮಾರು 5 ಸೆಂಟಿಮೀಟರ್, 300 ಮೀಟರಿನದರಲ್ಲಿ 3.6, 50 ಮೀಟರಿನದರಲ್ಲಿ 3.2. ಕೈಯ ಕೆಲಸ ಮೂರರಲ್ಲೂ ಒಂದೇ ಜಾತಿಯದು, 50 ಮೀಟರಿನದು 300ಕ್ಕಿಂತ ತುಸು ಬಿಗಿಯೇ. ಇನ್ನು ಗಾಳಿ. ತಾಸಿಗೆ ಹತ್ತು ಕಿಲೋಮೀಟರ್ ವೇಗದ ಅಡ್ಡಗಾಳಿ ಸಾಕು, 50 ಮೀಟರಿನಲ್ಲಿ .22 ಗುಂಡು ಬೆರಳಗಲ ಸರಿದು ಹತ್ತರ ಆಚೆ ಬೀಳುತ್ತದೆ. ಇಳಿತದ ಮಾತಿಗೆ ಬಂದರೆ, ಅದೇ ರೈಫಲ್ಲನ್ನು 200 ಮೀಟರಿನ ರೇಂಜಿನಲ್ಲಿ ಹಿಡಿದರೆ, ಸೇನೆಯ 7.62 ಗುಂಡು ಏಳೆಂಟು ನೂರು ಮೀಟರಿನಲ್ಲಿ ಕೊಡುವಷ್ಟೇ ಇಳಿತದ ಲೆಕ್ಕವನ್ನು ಅದು ಕೊಡುತ್ತದೆ. ದೂರದ ಪಾಠವೆಲ್ಲ ಅಗ್ಗದ ಗುಂಡಿನಲ್ಲೇ ಇದೆ.

ಈ ದಾರಿಯಲ್ಲಿ ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಗಡಿಯಾಚೆಯ ಕೊಲ್ಹಾಪುರ ಸಾಕ್ಷಿ. ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ಮಲಗಿ ಹೊಡೆಯುವ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆದರು. ರಾಧಾನಗರಿ ತಾಲೂಕಿನ ಕಂಬಳವಾಡಿಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ಮೂರು ಭಂಗಿಯ ಸ್ಪರ್ಧೆಯಲ್ಲಿ 451.4 ಅಂಕ ಗಳಿಸಿ ಕಂಚು ತಂದರು. ಶಾಲಾ ಮೇಷ್ಟ್ರ ಮಗ, ಆಗ ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರ್. ಗುಂಡು ಕೊಳ್ಳಲೆಂದು ತಂದೆ ಬ್ಯಾಂಕ್ ಸಾಲ ಮಾಡಿದ್ದರು. ಆ ಮನೆಯನ್ನು ಸಾಲಕ್ಕೆ ದೂಡಿದ್ದು ಕಾಡತೂಸು ಎಂಬುದನ್ನು ರೈಫಲ್ ಕೊಳ್ಳಲು ಹೊರಟ ಪ್ರತಿ ತಂದೆತಾಯಿಯೂ ಗಮನಿಸಬೇಕು.

ಹಾಗೆಂದು .22ನ್ನೇ ಮೊದಲು ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಅದಕ್ಕೂ ಲೈಸೆನ್ಸ್ ಬೇಕು. ಬೀದರಿನ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ, ಪೊಲೀಸ್ ವರದಿ, 2016ರ ನಿಯಮದಂತೆ ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ಮನೆಯಲ್ಲಿ ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆ. ಒಬ್ಬರಿಗೆ ಎರಡೇ ಬಂದೂಕು ಎಂದು 2019ರಲ್ಲಿ ಮಿತಿಯಾದ ಮೇಲೆ, ಹಳೆಯ ಜೋಡುನಳಿಗೆಯೂ .315ವೂ ಇರುವ ಮನೆಯ ಯಜಮಾನನ ಲೈಸೆನ್ಸಿನಲ್ಲಿ ಮೂರನೆಯದಕ್ಕೆ ಜಾಗವಿಲ್ಲ. ಸ್ಪರ್ಧಿಗಳು ಬಯಸುವ ಜರ್ಮನಿಯ ಆನ್‌ಶುಟ್ಸ್, ವಾಲ್ಟರ್‌ಗಳನ್ನು ಹೊರಗಿನಿಂದ ತರಿಸಲು ಸಾಮಾನ್ಯರಿಗೆ ಅವಕಾಶವಿಲ್ಲ. ರಾಷ್ಟ್ರೀಯ ಸ್ಪರ್ಧೆಯಲ್ಲಿ ನಿಗದಿತ ಅಂಕ ಗಳಿಸಿದವರಿಗೆ ಮಾತ್ರ ಆ ಬಾಗಿಲು. ಇನ್ನೊಂದು ತೊಡಕು ನಮ್ಮ ಗಡಿನಾಡಿನದು. ಬೆಂಗಳೂರಿಗಿಂತ ಹೈದರಾಬಾದು ನಮಗೆ ಎಷ್ಟೋ ಹತ್ತಿರ. ಅಲ್ಲಿಯ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣದಲ್ಲಿ ಒಳ್ಳೆಯ ಶೂಟಿಂಗ್ ರೇಂಜ್ ಇದೆ, 2012ರ ಲಂಡನ್ ಕಂಚಿನ ಗಗನ್ ನಾರಂಗ್ ಬೆಳೆದ ಊರೂ ಅದೇ. ಆದರೆ ಕರ್ನಾಟಕಕ್ಕೆ ಸೀಮಿತವಾದ ಲೈಸೆನ್ಸ್ ಹಿಡಿದು ತೆಲಂಗಾಣಕ್ಕೆ ಬಂದೂಕು ಒಯ್ಯುವಂತಿಲ್ಲ. ಅರ್ಜಿ ಬರೆಯುವಾಗಲೇ ಅಖಿಲ ಭಾರತ ವ್ಯಾಪ್ತಿ ಕೇಳಬೇಕು. ಚುನಾವಣೆ ಬಂದಾಗ ಬಂದೂಕನ್ನು ಠಾಣೆಗೆ ಒಪ್ಪಿಸುವ ಆದೇಶವೂ ಇರುತ್ತದೆ. ಕ್ರೀಡಾ ಸಂಸ್ಥೆಯ ಸದಸ್ಯತ್ವ ಇದ್ದವರಿಗೆ ಅದರಿಂದ ವಿನಾಯಿತಿ ಸಿಗುವುದುಂಟು.

ನನ್ನ ಆಯ್ಕೆ .177ರ ಏರ್ ರೈಫಲ್. ಅದು ಬೋಲ್ಟ್ ಆ್ಯಕ್ಷನ್ನೂ ಅಲ್ಲ, ದೂರದ್ದೂ ಅಲ್ಲ ಎಂಬುದು ಗೊತ್ತಿದ್ದೇ ಹೇಳುತ್ತಿದ್ದೇನೆ. 20 ಜೂಲ್ ಒಳಗಿನ ಶಕ್ತಿಯ .177ಕ್ಕೆ ಲೈಸೆನ್ಸ್ ಬೇಡ. ಸ್ಪರ್ಧೆಯ ಏರ್ ರೈಫಲ್ಲಿನದು ಎಂಟು ಜೂಲ್ ಆಸುಪಾಸು. ಒಂದು ಛರ್ರಾಗೆ ಒಂದೆರಡು ರೂಪಾಯಿ. ಹತ್ತು ಮೀಟರ್ ಎಂದರೆ ನಮ್ಮ ಹಳೆಯ ಕಲ್ಲಿನ ಮನೆಗಳ ಪಡಸಾಲೆಯ ಉದ್ದ. ಬಾಗಿಲು ಭದ್ರವಾಗಿ ಹಾಕಿ, ಹಿಂದೆ ದಪ್ಪ ಕಬ್ಬಿಣದ ಪೆಟ್ಟಿಗೆ ಇಟ್ಟರೆ ದಿನವೂ ಸಂಜೆ 60 ಹೊಡೆಯಬಹುದು. ಕಣ್ಣಿಗೆ ಬಡಿದರೆ ಇದೂ ಕುರುಡಾಗಿಸುತ್ತದೆ, ಆದ್ದರಿಂದ ಮನೆಯಲ್ಲೂ ರೇಂಜಿನ ಶಿಸ್ತೇ ಇರಬೇಕು. ಸ್ಪರ್ಧೆಗೆಂದೇ ಮಾಡಿದ ವಿದೇಶಿ ಏರ್ ರೈಫಲ್ಲಿಗೆ ಎರಡು ಮೂರು ಲಕ್ಷ ಆಗುತ್ತದೆ, ಅದನ್ನು ಮೊದಲ ವರ್ಷ ಯಾರೂ ಕೊಳ್ಳಬೇಕಾಗಿಲ್ಲ. ಮಹಾರಾಷ್ಟ್ರದ ಥಾಣೆಯ ಪ್ರಿಸಿಹೋಲ್‌ನಂಥ ದೇಶೀ ತಯಾರಕರಿದ್ದಾರೆ.

ಕೊಳ್ಳುವಾಗ ಅಂಗಡಿಯವನು ವೇಗದ ಅಂಕಿ ಹೇಳುತ್ತಾನೆ. ಅದಕ್ಕೆ ಕಿವಿಗೊಡಬೇಡಿ. ಟ್ರಿಗರ್ ಎಳೆದು ನೋಡಿ. ಒಂದು ಬಿಂದುವಿಗೆ ಬಂದು ನಿಂತು, ಆಮೇಲೆ ಸದ್ದಿಲ್ಲದೆ ಬಿಡಬೇಕು. ಕೆರೆದಂತಾದರೆ ಬೇಡ. ಹಿಂಗುರಿ ಸಣ್ಣ ತೂತಿನದಾಗಿರಬೇಕು, ತಿರುಗಿಸಿದಾಗ ಒಂದೊಂದೇ ಗೀಟು ಸರಿಯಬೇಕು. ಹಿಡಿಯನ್ನು ಹೆಗಲಿಗಿಟ್ಟು ಕಣ್ಣು ಮುಚ್ಚಿ, ತೆರೆದಾಗ ಗುರಿಕಣ್ಣು ನೇರ ಎದುರಿಗೇ ಇದ್ದರೆ ಅದು ನಿಮ್ಮ ಅಳತೆಯದು. ಹದಿಮೂರರ ಹುಡುಗಿಗೆ ಅಪ್ಪನ ಅಳತೆಯ ಹಿಡಿ ಕೊಟ್ಟರೆ ಅವಳ ಕತ್ತು ನೋಯುತ್ತದೆ, ತಿಂಗಳಲ್ಲಿ ಆಟ ಬಿಡುತ್ತಾಳೆ. ಇಂಥ ಕಾರಣಕ್ಕೆ ಮಕ್ಕಳು ಕೈಬಿಡುವುದು ನನಗೆ ಸಂಕಟದ ವಿಷಯ.

ಬೆಂಗಳೂರಿನ ಎಸ್‌ಎಸ್‌ಎಸ್ ಡಿಫೆನ್ಸ್ ಇಂದು .338 ಕಾಡತೂಸಿನ ಬೋಲ್ಟ್ ಆ್ಯಕ್ಷನ್ ‘ಸೇಬರ್’ ಮಾಡುತ್ತಿದೆ. ಒಂದೂವರೆ ಕಿಲೋಮೀಟರಿನ ಗುರಿಗೆಂದು ನಮ್ಮ ರಾಜ್ಯದಲ್ಲೇ ನಳಿಗೆ ಕೊರೆಯುವ ಜಾಣ್ಮೆಯಿದೆ, ಆದರೆ ಅದು ಪಡೆಗಳಿಗೆ. ಅದೇ ಜಾಣ್ಮೆಯಿಂದ ಐವತ್ತು ಮೀಟರಿನ ಒಂದು ಸಾದಾ .22 ಗುರಿ ರೈಫಲ್ ಹುಟ್ಟಿ, ಕ್ಲಬ್ಬುಗಳಿಗೂ ಎನ್‌ಸಿಸಿ ಘಟಕಗಳಿಗೂ ಸಿಗುವಂತಾದರೆ ಇಶಾಪುರದ .315ನ್ನು ಗುರಿಯಾಟಕ್ಕೆ ಎಳೆಯುವ ಅಗತ್ಯವೇ ಬೀಳುವುದಿಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳಿವೆ. ಅಲ್ಲಿಯ ಲೈಸೆನ್ಸ್ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದ್ದಾರೆ. ಆ ವಿನಾಯಿತಿ ನಮಗೆ ಬೇಕಿಲ್ಲ. ಊರೆಲ್ಲ ಕೂಡಿ, ಹಿರಿಯರ ಕಣ್ಣೆದುರು, ಸರದಿಯಲ್ಲಿ ಹೊಡೆದು ಅಂಕ ಬರೆಯುವ ರೂಢಿ ಮಾತ್ರ ಭಾಲ್ಕಿಗೂ ಬರಲಿ.

ಮನೆಯಲ್ಲಿ ಈಗಾಗಲೇ ಅಜ್ಜನ .315 ಇರುವವರು ಅದನ್ನು ಮಾರಬೇಕಾಗಿಲ್ಲ. ನಳಿಗೆಯ ಒಳಗೆ ಬೆಳಕು ಹಿಡಿದು ತುಕ್ಕಿನ ಗುಳಿ ಇವೆಯೇ ನೋಡಿಸಿ, ಬೋಲ್ಟ್ ಪೂರ್ತಿ ಕೂರುತ್ತದೆಯೇ ಎಂದು ಬಲ್ಲ ಮಿಸ್ತ್ರಿಗೆ ತೋರಿಸಿ. ಅನುಮತಿಯಿರುವ ರೇಂಜಿನಲ್ಲಿ 100 ಮೀಟರಿಗೆ ಮಲಗಿ ಹೊಡೆದಾಗ ಐದು ಗುಂಡು ಅಂಗೈ ಅಗಲದಲ್ಲಿ ಕೂತರೆ ಆ ರೈಫಲ್ ಚೆನ್ನಾಗಿಯೇ ಇದೆ ಎಂದು ತಿಳಿಯಿರಿ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಾನು ಕೇಳುವುದಿಲ್ಲ.