ನೆನಪಿನ ಪರೀಕ್ಷೆ ಪಾಸಾದವರಿಗೆ ಮಾತ್ರವೇ?

ವಿಕಲಚೇತನರಿಗೂ ಎಟಕುವ ಜಾಲತಾಣ ಎಂದೊಡನೆ ನಮಗೆ ನೆನಪಾಗುವುದು ಅಂಧರು, ಕಿವುಡರು. ಅಕ್ಷರಗಳು ಗೋಜಲಾಗುವ ಡಿಸ್ಲೆಕ್ಸಿಯಾದ ಹುಡುಗನಾಗಲೀ ಈ ಪುಟದಲ್ಲಿ ಓದಿದ್ದನ್ನು ಮುಂದಿನ ಪುಟದಲ್ಲಿ ಮರೆಯುವ ವೃದ್ಧೆಯಾಗಲೀ ನೆನಪಾಗುವುದಿಲ್ಲ.

ಇಂಥವರಿಗಾಗಿಯೇ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2021ರ ಏಪ್ರಿಲ್‌ನಲ್ಲಿ ಒಂದು ಉದ್ದನೆಯ ದಾಖಲೆ ಹೊರತಂದಿತು. ಕತೆ ಬರೆಯುವ ನಮ್ಮನ್ನು ಮೊದಲು ಸೆಳೆದದ್ದು ಅದರಲ್ಲಿರುವ ಕಾಲ್ಪನಿಕ ಪಾತ್ರಗಳು. ಮರೆವಿನ ಕಾಯಿಲೆಯ ನಿವೃತ್ತ ವಕೀಲ ಗೋಪಾಲ್, ಡಿಸ್ಲೆಕ್ಸಿಯಾ ಇರುವ ಚಿಕಿತ್ಸಕ ಜೊನಾಥನ್. ಯಾರೂ ಕರುಣೆ ಬೇಡುವವರಲ್ಲ, ಓದಿದವರು, ದುಡಿದವರು. ನಮ್ಮ ಎಷ್ಟೋ ಕತೆಗಳು ಇಂಥವರಿಗೆ ಇಷ್ಟು ಮರ್ಯಾದೆ ಕೊಟ್ಟಿಲ್ಲ. ಸಲಹೆಗಳೂ ಸರಳ: ಚಿಕ್ಕ ವಾಕ್ಯ, ಪರಿಚಿತ ಪದ, ತಪ್ಪಿದರೆ ಹಿಂದಿರುಗುವ ದಾರಿ, ಬೇಕಾದಾಗ ಮನುಷ್ಯರ ನೆರವು.

ಉರ್ದುವಿನಲ್ಲಿ ಕಲಿತ ನಮಗೆ ಒಂದು ಸಲಹೆ ವಿಶೇಷವಾಗಿ ತಟ್ಟಿತು. ಅರಬಿ, ಹೀಬ್ರೂ ಬರಹದಲ್ಲಿ ಪದ ಬಿಡಿಸಿಕೊಳ್ಳಲು ಬೇಕಾದ ಸ್ವರಚಿಹ್ನೆಗಳನ್ನು ಕೊಡಿ ಎನ್ನುತ್ತದೆ ದಾಖಲೆ. ಜೇರ್, ಜಬರ್, ಪೇಶ್ ಇಲ್ಲದ ಉರ್ದುವನ್ನೂ ನಾವು ಸಂದರ್ಭದಿಂದ ಊಹಿಸಿಯೇ ಓದುತ್ತೇವೆ. ಊಹಿಸಲಾರದ ಮಗುವನ್ನು ದಡ್ಡನೆಂದು ಹಿಂದಿನ ಬೆಂಚಿಗೆ ಕಳಿಸುತ್ತೇವೆ. ಕನ್ನಡಕ್ಕೆ ಈ ತೊಡಕಿಲ್ಲ. ಅದರ ತೊಡಕೇನಿದ್ದರೂ ಸರ್ಕಾರಿ ಫಾರಂಗಳ ಭಾರವಾದ ಪದಗಳದ್ದು.

ನಮ್ಮ ಆಕ್ಷೇಪ ಇರುವುದು ಬೇರೆ ಕಡೆ. ಈ ದಾಖಲೆ ಬರೀ ಸಲಹೆ, ನಿಯಮವಲ್ಲ. ಅದೇ ಸಂಸ್ಥೆಯ ನಿಯಮಾವಳಿಯಲ್ಲಿ ಮೂರು ಹಂತಗಳಿವೆ. ಸರ್ಕಾರಗಳು ಸಾಮಾನ್ಯವಾಗಿ ಕಡ್ಡಾಯ ಮಾಡುವುದು ಎರಡನೆಯ ಹಂತದವರೆಗೆ. ಸರಳ ಓದಿನ ನಿಯಮವನ್ನು ಇಟ್ಟಿರುವುದು ಮೂರನೆಯದರಲ್ಲಿ! 2023ರ ಪರಿಷ್ಕರಣೆ ಒಂದು ಒಳ್ಳೆಯ ಹೆಜ್ಜೆ ಇಟ್ಟಿತು. ಲಾಗಿನ್ ಆಗಲು ನೆನಪಿನ ಅಥವಾ ಒಗಟಿನ ಪರೀಕ್ಷೆಯೊಂದೇ ದಾರಿಯಾಗಬಾರದು ಎಂದಿತು. ಆದರೆ ಚಿತ್ರಗಳಲ್ಲಿ ಬಸ್ಸು ಎಲ್ಲಿದೆ ಗುರುತಿಸಿ ಎನ್ನುವ ಕ್ಯಾಪ್ಚಾಕ್ಕೆ ಎರಡನೆಯ ಹಂತದಲ್ಲಿ ವಿನಾಯಿತಿ ಉಳಿಯಿತು. ಬಾಗಿಲು ತೆರೆದು ಚಿಲಕ ಬಿಟ್ಟಂತೆ.

ನಮ್ಮ ದೇಶದ 2016ರ ಕಾಯ್ದೆಯ 21 ವೈಕಲ್ಯಗಳಲ್ಲಿ ಕಲಿಕಾ ನ್ಯೂನತೆಯೂ ಇದೆ, ಬೌದ್ಧಿಕ ವೈಕಲ್ಯವೂ ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಡಿಜಿಟಲ್ ಸೇವೆಗಳು ಎಟಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದಿತು. ಕೋರ್ಟಿನ ಮೆಟ್ಟಿಲು ಹತ್ತಿದ್ದವರು ಆಸಿಡ್ ದಾಳಿಗೆ ತುತ್ತಾದವರು ಮತ್ತು ಅಂಧರು. ಮರೆವಿನವರ ಪರವಾಗಿ ಮೆಟ್ಟಿಲು ಹತ್ತುವವರು ಯಾರು? ಸದ್ಯಕ್ಕೆ ನಮ್ಮ ಊರುಗಳಲ್ಲಿ ಇಂಥವರ ಪಾಸ್‌ವರ್ಡು ಇರುವುದು ಸೈಬರ್ ಅಂಗಡಿಯವನ ನೋಟ್‌ಬುಕ್ಕಿನಲ್ಲಿ. ಪಿಂಚಣಿ ಬಂತೇ, ಸ್ಕಾಲರ್‌ಶಿಪ್ ಬಂತೇ ಎಂದು ಅವನನ್ನೇ ಕೇಳಬೇಕು.